ಜಪಾನ್ ವಜೀರನ ‘ಹೈ’

ಹುಮನಾಬಾದಿನವರಿಗೆ ಅಡ್ಡಹೆಸರು ಇಡುವುದೆಂದರೆ ಹಬ್ಬದೂಟ. ಪಲ್ಟಣಿನಲ್ಲಿ ಬಾವರ್ಚಿಯಾಗಿ ಜಪಾನಿಗೆ ಹೋಗಿ ೧೯೪೭ರ ಕೊನೆಗೆ ಮರಳಿದ ವಜೀರನನ್ನು ಅವರು ಎಂಟು ದಿನದೊಳಗೆ ‘ಜಪಾನ್ ವಜೀರ’ ಮಾಡಿಬಿಟ್ಟರು. ಯುದ್ಧ ಸೋತ ಆ ದೇಶವನ್ನು ಕಾಯಲು ಹೋದ ಸಿಪಾಯಿಗಳಿಗೆ ಅವನು ರೊಟ್ಟಿ ಬೇಯಿಸಿ ಹಾಕಿದ್ದನೇ ಹೊರತು ಬಂದೂಕು ಮುಟ್ಟಿದವನಲ್ಲ. ಆದರೇನು, ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಅವನ ಚಹಾದಂಗಡಿಗೆ ಬಂದವರಿಗೆ ಮೊದಲು ಕಥೆ ಬೇಕು, ಆಮೇಲೆ ಚಹಾ.

‘ವಜೀರಭಾಯಿ, ಆ ಪೋರಿಗಿ ಟೋಕಿಯೋ ತೋರ್ಸಿದ್ದು ಹೇಳ್ರಿ’ ಎಂದು ಬಟ್ಟೆ ವ್ಯಾಪಾರಿ ಪಂಡರಿ ಕೆದಕಿದರೆ ಸಾಕು, ವಜೀರ ಶುರುಮಾಡುತ್ತಿದ್ದ. ದಂಡಿನ ಛಾವಣಿಯಲ್ಲಿ ಸಿಪಾಯಿಗಳ ಬಟ್ಟೆ ಒಗೆಯುತ್ತಿದ್ದ ವಿಧವೆಗೆ ಹರುಕೋ ಎಂಬ ಐದು ವರ್ಷದ ಮಗಳು. ಇವನು ಅವಳನ್ನು ಹರುಬೀ ಎನ್ನುತ್ತಿದ್ದ. ರಜೆಯ ದಿನ ತಾಯಿಯನ್ನು ಕೇಳಿ ಅವಳನ್ನು ಶಹರ ನೋಡಲು ಕರೆದೊಯ್ದಿದ್ದ. ಬಾದಶಹನ ಕೋಟೆಯ ಕಂದಕ ನೋಡಿದರು. ಬಿಳಿ ಹೂವು ಸುರಿಸುವ ಗಿಡಗಳ ಕೆಳಗೆ ನಡೆದರು. ಕೆರೆಯೊಂದನ್ನು ಬತ್ತಿಸಿ, ಹಸಿವಿಗೆ ಹೆದರಿ, ಗದ್ದೆ ಮಾಡಿದ್ದರು. ಪ್ರಾಣಿಗಳ ತೋಟದಲ್ಲಿ ಆನೆಯ ಮನೆ ಇತ್ತು, ಆನೆ ಇರಲಿಲ್ಲ. ಹರುಬೀ ಆ ಖಾಲಿ ಮನೆಗೂ ಕೈ ಬೀಸಿ ಬಂದಳು. ಪರಾಠಾ ಕೊಟ್ಟರೆ ಅರ್ಧ ತಿಂದು ಅರ್ಧ ಅಮ್ಮನಿಗೆಂದು ಮಡಚಿ ಇಟ್ಟುಕೊಂಡಳು.

‘ಆಮ್ಯಾಲ?’

‘ಆಮ್ಯಾಲ ಏನ್ರಿ, ಅವರಮ್ಮನ ಕೈಗಿ ಒಪ್ಪಿಸಿ ಬಂದೆ.’

ಕಥೆಯೆಲ್ಲ ನಿಜ, ಬಾಲವೊಂದೇ ಸುಳ್ಳು. ಆ ಸುಳ್ಳು ಹೇಳಿದಾಗೆಲ್ಲ ವಜೀರ ಒಲೆಯ ಕಡೆ ಮುಖ ತಿರುಗಿಸುತ್ತಿದ್ದ.

೧೯೪೯ರಲ್ಲಿ ನಾದಿನಿಯ ನಿಕಾಹ್ ಇತ್ತೆಂದು ಅವನು ಹೆಂಡತಿ ಅಕ್ಬರಿಯನ್ನೂ ಮಗಳು ಮುನ್ನಿ ಬೀಯನ್ನೂ ಕರೆದುಕೊಂಡು ಕಲ್ಯಾಣಿಗೆ ಹೋದ. ಬಸವಕಲ್ಯಾಣವನ್ನು ಆಗ ಹಾಗೆನ್ನುತ್ತಿದ್ದರು. ಮರುದಿನ ಮೂವರೂ ಕಿಲ್ಲಾ ನೋಡಲು ಹೊರಟರು. ಅಕ್ಬರಿ ಬುತ್ತಿ ಹಿಡಿದು ಮುಂದೆ, ತಂದೆ ಮಗಳು ಕೈ ಕೈ ಹಿಡಿದು ಹಿಂದೆ. ಮುನ್ನಿಗೂ ಐದು ವರ್ಷ.

‘ಅಬ್ಬಾ, ಹರುಬೀಗಿ ನೋಡಿ ಅವರಮ್ಮ ಏನಂದ್ಳು?’

ಯಾರೂ ಕೇಳದ ಪ್ರಶ್ನೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ವಜೀರನ ಗತಿಯೂ ಅದೇ ಆಯಿತು. ಊರೆಲ್ಲರಿಗೆ ಹೇಳಿದ ಸುಳ್ಳು ಈ ಒಂದು ಮುಖಕ್ಕೆ ಹೇಳಲು ನಾಲಿಗೆ ಹೊರಳಲಿಲ್ಲ. ಕಿಲ್ಲೆಯ ಬಾಗಿಲ ಕಲ್ಲಿನ ಮೇಲೆ ಕುಳಿತು, ಮೊದಲ ಸಲ ನಿಜ ಹೇಳಿದ.

ಅಲ್ಲಿಯ ಜನರೊಡನೆ ಬೆರೆಯಬಾರದೆಂದು ಪಲ್ಟಣಿನ ಕಾಯಿದೆ ಇತ್ತು. ಸಂಜೆ ಸ್ಟೇಷನ್ನಿನ ಮುಂದೆ ಫೌಜಿನ ಪೋಲೀಸರು ಎದುರಾದರು. ಸಿಕ್ಕಿಬಿದ್ದರೆ ವಜೀರನಿಗೆ ಶಿಕ್ಷೆ. ಗುಂಪಿನಲ್ಲಿ ನಿಂತ ಹೆಂಗಸರತ್ತ ಬೆರಳು ಮಾಡಿ, ‘ಅಮ್ಮಾ ಹೈ?’ ಎಂದು ಕೇಳಿದ. ನಮ್ಮ ಕಡೆಯ ಉರ್ದುವಿನಲ್ಲಿ, ಅಮ್ಮ ಇದ್ದಾಳಾ ಎಂದು. ಹುಡುಗಿ ತಲೆ ಬಾಗಿಸಿ, ‘ಹೈ’ ಎಂದಳು. ಇದ್ದಾಳಲ್ಲ ಎಂದು ಕೈ ಬಿಟ್ಟು ಗುಂಪಿನಲ್ಲಿ ಕರಗಿಹೋದ.

ಆ ಭಾಷೆಯಲ್ಲಿ ‘ಹೈ’ ಎಂದರೆ ‘ಹ್ಞೂಂ’. ದೊಡ್ಡವರು ಏನು ಕೇಳಿದರೂ ಮಕ್ಕಳು ಹೈ ಎನ್ನುತ್ತವೆ.

‘ನಿಮಗ ಗೊತ್ತಿರ್ಲಿಲ್ಲೇನು?’ ಎಂದಳು ಮುನ್ನಿ.

ಹೂಂ, ಗೊತ್ತಿತ್ತು. ಎಂಟು ತಿಂಗಳು ಅಡುಗೆಮನೆಯಲ್ಲಿ ದಿನಕ್ಕೆ ನೂರು ಸಲ ಕೇಳಿದ ಮಾತು. ಆ ಗಳಿಗೆಯಲ್ಲಿ ತನಗೆ ಬೇಕಾದ ಅರ್ಥವನ್ನೇ ಕಿವಿಗೆ ಹಾಕಿಕೊಂಡಿದ್ದ.

ಹುಡುಗಿಯನ್ನು ಅಲ್ಲಿಯ ಮುದುಕಿಯೊಬ್ಬಳು ಮನೆ ಮುಟ್ಟಿಸಿದಳು. ಮರುದಿನ ತಾಯಿ ಮಗಳನ್ನು ಕರೆದುಕೊಂಡು ಬಂದು, ವಜೀರನ ಮುಂದೆ ಸೊಂಟ ಬಾಗಿಸಿ ನಿಂತಳು. ಆ ಮಾತು ಬಲ್ಲ ಜೊತೆಯ ಬಾವರ್ಚಿ ದೇವಿದಾಸ ತಿಳಿಸಿ ಹೇಳಿದ್ದ: ‘ಮಗಳು ಕೈ ಬಿಡಿಸ್ಕೊಂಡು ಓಡಿದಳಂತ, ನಿಮಗ ತ್ರಾಸ ಆಯ್ತಂತ. ಮಾಫಿ ಕೇಳಾಕತ್ತಾಳ.’ ಹರುಬೀಯೇ ತಪ್ಪು ತನ್ನದೆಂದು ತಾಯಿಗೆ ಹಾಗೆ ಹೇಳಿದ್ದಳು. ಅವಳೂ ಬಾಗಿದಳು. ವಜೀರ ಸುಮ್ಮನೆ ನಿಂತು ಆ ಮಾಫಿಯನ್ನು ತೆಗೆದುಕೊಂಡಿದ್ದ.

ಇಷ್ಟು ಹೇಳಿ ಮಗಳ ಮುಖ ನೋಡಿದ. ಹಿಂದಿನ ವರ್ಷದ ಪೋಲೀಸ್ ಕಾರ್ಯಾಚರಣೆ ಕಂಡ ಈ ಸೀಮೆಯ ಮಕ್ಕಳು ಪೋಲೀಸ್ ಎಂಬ ಮಾತಿಗೇ ಬೆಚ್ಚಿಬೀಳುತ್ತಿದ್ದ ಕಾಲ ಅದು. ಮುನ್ನಿ ಅವನ ಕೈಯಲ್ಲಿದ್ದ ತನ್ನ ಕೈಯನ್ನು ನೋಡಿಕೊಂಡಳು.

‘ಅಬ್ಬಾ, ಪೋಲೀಸ್ ಬಂದ್ರ ನನ್ನ ಕೈನೂ ಬಿಡ್ತೀರೇನು?’

‘ಇಲ್ಲ ಬೇಟಾ’ ಎಂದ ವಜೀರ. ಆದರೆ ಹೇಳಿದ್ದು ತುಸು ತಡವಾಯಿತು. ಅಷ್ಟರಲ್ಲಿ ಮುನ್ನಿ ಬೀ ಓಡಿಹೋಗಿ ಮುಂದೆ ನಿಂತು ಕಾಯುತ್ತಿದ್ದ ತಾಯಿಯ ಸೆರಗು ಹಿಡಿದುಕೊಂಡಿದ್ದಳು.