ಎಲ್ಲರನ್ನೂ ಅಳಿಸಿದ ಸಿನಿಮಾ

ಸಂಜೆ ಆರು ಗಂಟೆ ಹದಿನೇಳು ನಿಮಿಷಕ್ಕೆ ನನ್ನ ಎಡಗಣ್ಣಿನಲ್ಲಿ ನೀರು ಬಂತು. ಸಮಯ ಇಷ್ಟು ಖಚಿತವಾಗಿ ಹೇಗೆ ನೆನಪಿದೆ ಎಂದರೆ, ಆಗ ನಾನು ಗಡಿಯಾರ ನೋಡುತ್ತಿದ್ದೆ. ಕಲಾತ್ಮಕ ಚಿತ್ರ ನೋಡುವಾಗ ಗಡಿಯಾರ ನೋಡಬಾರದೆಂದು ನನಗೂ ಗೊತ್ತು. ಆದರೆ ಪರದೆಯ ಮೇಲಿದ್ದ ಮನುಷ್ಯ ಹೊಳೆದಂಡೆಯ ಬಾಗಿಲೊಂದನ್ನು ಬಡಿಯಲು ಶುರುಮಾಡಿ ಆಗಲೇ ನಾಲ್ಕು ನಿಮಿಷವಾಗಿತ್ತು. ಬಾಗಿಲಿಗೆ ಮನೆ ಇರಲಿಲ್ಲ. ಹಿಂದೆ ತುಂಗಭದ್ರೆ, ಮುಂದೆ ಮರಳು, ನಡುವೆ ಬಾಗಿಲು.

ಚಿತ್ರ ನನ್ನ ಗೆಳೆಯ ಪಂಪಾಪತಿಯದು. ಅವನದು ಸಿರುಗುಪ್ಪದಲ್ಲಿ ಫೋಟೋ ಸ್ಟುಡಿಯೋ. ಮದುವೆಗಳಲ್ಲಿ ಜನರಿಗೆ ‘ಸ್ವಲ್ಪ ನಗ್ರಿ’ ಎಂದು ಹೇಳಿ ಹೇಳಿ ಸಾಕಾಗಿ, ಯಾರೂ ನಗದ ಒಂದು ಸಿನಿಮಾ ತೆಗೆದಿದ್ದ. ಮೊದಲ ಪ್ರದರ್ಶನ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಒಣಮೆಣಸಿನಕಾಯಿ ಗೋದಾಮಿನ ಮೇಲಿದ್ದ ಸಣ್ಣ ಹಾಲ್‌ನಲ್ಲಿ. ಕುರ್ಚಿ ನಲವತ್ತು, ಮೆಟ್ಟಿಲ ದಾರಿ ಒಂದು, ಬಾಗಿಲೂ ಒಂದೇ. ಕಾಲೇಜಿನಲ್ಲಿ ಕಾವ್ಯಮೀಮಾಂಸೆ ಓದಿದವನೆಂದು ಪ್ರಸ್ತಾವನೆಯ ಮಾತು ನನ್ನ ಪಾಲಿಗೆ ಬಂತು. “ಈ ಚಿತ್ರ ನಿಮ್ಮನ್ನು ಕಸಿವಿಸಿಗೊಳಿಸುತ್ತದೆ. ಉಸಿರು ಕಟ್ಟಿದಂತೆಯೂ ಅನಿಸಬಹುದು. ತಡೆದುಕೊಂಡು ಕೂತವರಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ” ಎಂದೆ. ಚಪ್ಪಾಳೆ ಬಿತ್ತು. ದೀಪ ಆರಿದ ಮೇಲೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಪಕ್ಕದಲ್ಲೇ ಕೂತೆ. ಹೊರಗಿನ ಬೆಳಕು ಬರದಿರಲಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೇನೆಂದರೆ, ಅಷ್ಟು ಚೆನ್ನಾಗಿ ಮಾತಾಡಿದ ಮೇಲೂ ಜನ ನಡುವೆ ಎದ್ದು ಹೋದರೆ ಅವಮಾನವಾಗುತ್ತದೆಂಬ ಭಯ.

ಎಡಗಣ್ಣಿನ ಬೆನ್ನಿಗೇ ಬಲಗಣ್ಣೂ ಒದ್ದೆಯಾಯಿತು. ಪರವಾಗಿಲ್ಲ, ಚಿತ್ರ ಕೊನೆಗೂ ನನ್ನನ್ನು ಮುಟ್ಟಿತು ಎಂದುಕೊಂಡೆ. ಪಕ್ಕದಲ್ಲಿ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಟವೆಲಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು. ಹಿಂದಿನ ಸಾಲಿನಲ್ಲಿ ಮೂಗು ಎಳೆಯುವ ಸದ್ದು. ಗೋಡೆಗೆ ಒರಗಿ ನಿಂತಿದ್ದ ಪಂಪಾಪತಿ, ಜನ ಅಳುವುದನ್ನು ನೋಡಿ ತಾನೂ ಅಳುತ್ತಿದ್ದ.

ನಮ್ಮ ಹಳೆಯ ನಾಟ್ಯಶಾಸ್ತ್ರಜ್ಞರು ಕಣ್ಣೀರಿಗೆ ಕಾರಣಗಳನ್ನು ಹೇಳುವಾಗ ಶೋಕ, ಆನಂದ, ಭಯಗಳ ಸಾಲಿನಲ್ಲೇ ಹೊಗೆಯನ್ನೂ ಆಕಳಿಕೆಯನ್ನೂ ಇಟ್ಟಿದ್ದಾರೆ. ಪರೀಕ್ಷೆಗೆ ಓದುವಾಗ ಇದು ನನಗೆ ತಮಾಷೆಯಾಗಿ ಕಂಡಿತ್ತು. ಹೊಗೆಗೂ ರಸಕ್ಕೂ ಎಲ್ಲಿಯ ಸಂಬಂಧ ಎಂದು ಆ ಪುಟ ಮಗುಚಿದ್ದೆ. ಆ ಹಿರಿಯರು ಗೋದಾಮಿನ ಮೇಲೆ ಕೂತು ನಾಟಕ ನೋಡಿದವರೇ ಇರಬೇಕು.

ಕೆಮ್ಮು ಶುರುವಾಯಿತು. ಉಸಿರು ಕಟ್ಟುತ್ತದೆಂದು ಮೊದಲೇ ಹೇಳಿದ್ದೆನಲ್ಲ, ಎಲ್ಲರೂ ಬಾಯಿಗೆ ಕರ್ಚೀಫು ಹಿಡಿದು ತಡೆದುಕೊಂಡರು. ಪಕ್ಕದವರು ಕೂತಿದ್ದಾರೆಂದು ಇವರು, ಇವರು ಕೂತಿದ್ದಾರೆಂದು ಪಕ್ಕದವರು. ಏನೋ ಸುಟ್ಟ ವಾಸನೆ ನನಗೂ ಬಂದಿತ್ತು. ಅರ್ಥವಾಗದವನು ಎನಿಸಿಕೊಳ್ಳುವ ಬದಲು ಕೆಮ್ಮುವುದೇ ವಾಸಿ ಎಂದು ನಾನೂ ಸುಮ್ಮನಿದ್ದೆ.

ಮುಂದಿನ ಸಾಲಿನಲ್ಲಿ ಪಂಪಾಪತಿಯ ಸಣ್ಣಮ್ಮ ಈರಮ್ಮ ಇದ್ದರು. ರಾರಾವಿಯಲ್ಲಿ ಮೆಣಸಿನಕಾಯಿ ಬೆಳೆಯುವವರು. ಅವರು ಬಂದದ್ದು ಕಲೆಗಾಗಿಯಲ್ಲ. ಪರದೆಯ ಮೇಲಿನ ಬಾಗಿಲು ಅವರ ಎಮ್ಮೆ ಕೊಟ್ಟಿಗೆಯದು. ಅವರು ಥಟ್ಟನೆ ಎದ್ದು ನಿಂತರು.

“ಲೇ ಪಂಪಾ, ಬಂದ್ ಮಾಡಲೇ ಇದನ್ನ. ಕೆಳಗ ಮೆಣಸಿನಕಾಯಿ ಚೀಲಕ್ಕ ಉರಿ ಹತ್ತೈತಿ.”

ಹಿಂದಿನಿಂದ ಯಾರೋ, “ಕುಂದರ್ರಿ ಅಮ್ಮ, ಒಳ್ಳೆ ಸೀನ್ ನಡದೈತಿ” ಎಂದರು.

“ಯಾವ ಸೀನಪಾ? ಘಾಟು ನೆತ್ತಿಗೇರೈತಿ, ಇನ್ನ ಸೀನ್ ಅಂತಾನ. ಏಳ್ರಿ ಎಲ್ಲಾರು!”

ಅಷ್ಟರಲ್ಲಿ ಕರೆಂಟು ಹೋಯಿತು. ಕತ್ತಲಲ್ಲಿ ಎಲ್ಲರೂ ಒಮ್ಮೆಲೇ ಬಾಗಿಲಿಗೆ ಬಂದು ಬಿದ್ದರು. ನನ್ನ ಕೈ ಚಿಲಕದ ಮೇಲಿತ್ತು. ಹಿಂದಿನವರು ಬಾಗಿಲನ್ನು ನೂಕಿದಷ್ಟೂ ಚಿಲಕ ಬಿಗಿಯಾಯಿತು. ಆ ಕ್ಷಣ ಎಷ್ಟು ಉದ್ದವಿತ್ತೋ ಗೊತ್ತಿಲ್ಲ, ಆಗ ಗಡಿಯಾರ ನೋಡಲಿಲ್ಲ. “ಹಿಂದಕ ಸರೀರಿ, ಬಾಗಲಾ ಬಿಡ್ರಿ!” ಎಂದು ಈರಮ್ಮ ಕಿರುಚಿದರು. ಜನ ಒಂದು ಹೆಜ್ಜೆ ಸರಿದರು. ಚಿಲಕ ಸರಿಯಿತು.

ಹೊಗೆ ತುಂಬಿದ ಮೆಟ್ಟಿಲಲ್ಲಿ ಗೋಡೆ ಹಿಡಿದು ಎಲ್ಲರೂ ಇಳಿದೆವು. ಮೇಷ್ಟ್ರ ಕಾಲು ಉಳುಕಿದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಬೆಂಕಿ ಆರಿಸುವವರು ಬಂದರು. ನಾವು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ ನಿಂತೆವು. ಅಲ್ಲಿ ಆದದ್ದೇ ಚಿತ್ರದ ಬಗ್ಗೆ ನಾನು ಕೇಳಿದ ಮೊದಲ ವಿಮರ್ಶೆ. ಬಾಗಿಲಿನ ಕೆಳಗಿಂದ ಹೊಗೆ ಏಳುವ ದೃಶ್ಯ ಅದ್ಭುತವಾಗಿತ್ತು ಎಂದರು ಒಬ್ಬರು; ಅಂಥ ದೃಶ್ಯವೇ ಚಿತ್ರದಲ್ಲಿಲ್ಲ. ಮೇಷ್ಟ್ರು ಊದಿದ ಕಾಲನ್ನು ಬೆಂಚಿನ ಮೇಲೆ ಚಾಚಿ, “ಉಳಿದವ್ರದು ಗೊತ್ತಿಲ್ರಿ, ನಾ ಮಾತ್ರ ಹೊಗಿಗೆ ಅತ್ತಿಲ್ಲ. ನಾ ಅತ್ತಿದ್ದು ಖರೆ ಅಳು” ಎಂದರು. ಆಮೇಲೆ ಎಲ್ಲರೂ ಬಂದು ನನ್ನ ಕೈ ಕುಲುಕಿದರು. ನೀವು ಚಿಲಕ ತೆಗೆಯದಿದ್ದರೆ ನಮ್ಮ ಗತಿ ಏನಾಗುತ್ತಿತ್ತು ಎಂದರು. ಚಿಲಕ ಹಾಕಿದವರು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೈ ಮಾತ್ರ ಕೊಡುತ್ತ ಹೋದೆ.

ಅಂದಿನಿಂದ ನಿದ್ದೆ ಕೈಕೊಟ್ಟಿತು. ಕಣ್ಣು ಮುಚ್ಚಿದರೆ ಬೆರಳಿಗೆ ಆ ಬಿಗಿದ ಕಬ್ಬಿಣ ತಾಗುತ್ತಿತ್ತು. ಎದ್ದು ಹೋಗಿ ನಮ್ಮ ಮನೆಯ ಚಿಲಕ ತೆಗೆದಿಟ್ಟು ಬರುತ್ತಿದ್ದೆ. ಹೆಂಡತಿ ಎದ್ದು ಹೋಗಿ ಹಾಕಿ ಬರುತ್ತಿದ್ದಳು. “ಕಳ್ಳರಿಗೆ ಬರ್ರಿ ಅಂತ ಚೀಟಿನೂ ಅಂಟಿಸಿಬಿಡ್ರಿ” ಎನ್ನುತ್ತಿದ್ದಳು.

ಎರಡು ತಿಂಗಳ ಮೇಲೆ ಪಂಪಾಪತಿ ಕುರುಗೋಡಿನ ಒಂದು ಕಲ್ಯಾಣ ಮಂಟಪದಲ್ಲಿ ಮತ್ತೆ ಚಿತ್ರ ತೋರಿಸಿದ. ಹಾಡಹಗಲು, ಬಾಗಿಲೆಲ್ಲ ತೆರೆದು, ಪರದೆಯ ಮೇಲೆ ಅರ್ಧ ಬಿಸಿಲು. ಹೋದ ಸಲ ಬಂದವರೇ ಬಹುಪಾಲು ಬಂದಿದ್ದರು. ಪ್ರಸ್ತಾವನೆ ಮತ್ತೆ ನನ್ನದೇ. ಬರೆದು ತಂದಿದ್ದ ಹಾಳೆ ಜೇಬಿನಲ್ಲೇ ಉಳಿಯಿತು. “ಬೇಸರವಾದರೆ ಎದ್ದು ಹೋಗಿ. ಹೋದ ಸಲ ನೀವು ಹೋಗಬಾರದೆಂದು ಚಿಲಕ ಹಾಕಿದವನು ನಾನೇ” ಎಂದೆ.

ಮೇಷ್ಟ್ರು ತಮ್ಮ ಕಾಲು ನೋಡಿಕೊಂಡರು. ಮುಂದಿನ ಸಾಲಿನಿಂದ ಈರಮ್ಮನ ದನಿ ಬಂತು.

“ನನಗ ಅವತ್ತೇ ಗೊತ್ತಾಗಿತ್ತು ಬಿಡ್ರಿ ಸರ. ಅಂಥಾ ಕತ್ತಲದಾಗ ಕೈ ಸೀದಾ ಚಿಲಕಕ್ಕ ಹೋತು ಅಂದ್ರ ಅದು ಹಾಕಿದವ್ರ ಕೈನೇ. ಹಾಕಿದ್ದು ತಪ್ಪು. ತಗದಿದ್ದೂ ಖರೆ. ಈಗ ಸಿನಿಮಾ ಹಾಕ್ರಿ, ನಮ್ಮ ಬಾಗಲಾ ಏನಾತು ನೋಡಬೇಕು.”

ಅರ್ಧ ಜನ ಎದ್ದು ಹೋದರು. ಅದರಲ್ಲಿ ಕೆಲವರು ಚಹಾ ಕುಡಿದು ವಾಪಸು ಬಂದರು. ಕೊನೆಯ ದೃಶ್ಯವನ್ನು ನಾನು ಮೊದಲ ಸಲ ನೋಡಿದೆ: ಆ ಮನುಷ್ಯ ಬಾಗಿಲಿನ ಪಕ್ಕದಿಂದ ಸುತ್ತಿ ಆ ಕಡೆಗೆ ಹೋಗಿ, ಅಲ್ಲಿಂದ ಬಡಿಯತೊಡಗುತ್ತಾನೆ. “ಚಿಲಕ ಕಿತ್ತಿಟ್ಕಂಡೇ ಕೊಟ್ಟೀನಿ ಆ ಬಾಗಲಾ. ನೂಕಿದ್ರ ಆಗಿತ್ತು” ಎಂದರು ಈರಮ್ಮ. ಜನ ನಕ್ಕರು. ಯಾರೂ ಅಳಲಿಲ್ಲ ಎಂದು ಪಂಪಾಪತಿಗೆ ಸ್ವಲ್ಪ ಬೇಸರವಾಯಿತು.

ಅವತ್ತು ಮನೆಗೆ ಬಂದು ಊಟ ಮಾಡಿ, ನಾನೇ ಚಿಲಕ ಹಾಕಿ ಮಲಗಿದೆ. ಬೆಳಿಗ್ಗೆ ನನಗೂ ಹೆಂಡತಿಗೂ ಎಚ್ಚರವಾದಾಗ ಬಿಸಿಲು ಅಂಗಳ ದಾಟಿತ್ತು. ಹಾಲಿನ ಪಾಕೀಟು ಕಿಟಕಿಯಲ್ಲಿತ್ತು. ಹಾಲಿನವನು ಬಾಗಿಲು ಬಡಿದು ಬಡಿದು ಸಾಕಾಗಿ ಇಟ್ಟುಹೋಗಿದ್ದನಂತೆ. ನಾಲ್ಕು ನಿಮಿಷವಾದರೂ ಬಡಿದಿರಬೇಕು.