ಖಾಲಿ ಹಾಳೆಯನ್ನೂ ನಂಬದ ಪಟಾಲಮ್ಮ

ಬೆಳಗಿನ ಆರೂಕಾಲು. ಹೊಳವನಹಳ್ಳಿ ಬಸ್‌ಸ್ಟಾಪಿನಿಂದ ಎರಡು ಮೈಲಿ ಒಳಗಿರುವ ಊರಿನ ಗ್ರಂಥಾಲಯದಲ್ಲಿ ಪಟಾಲಮ್ಮ ನೆಲಕ್ಕೆ ಕೂತಿದ್ದಾರೆ. ಎದುರಿಗೊಂದು ಪ್ಲಾಸ್ಟಿಕ್ ಸ್ಟೂಲು, ಅದರ ನಡುವಿನ ತೂತಿನ ಮೇಲೆ ಮಲಗಿಸಿದ ಮೊಬೈಲು, ಕೆಳಗೆ ಪಂಚಾಯ್ತಿಯ ಹಳೆಯ ನಡಾವಳಿ ಪುಸ್ತಕ. ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುವ ಈ ಎರಡು ಗಂಟೆಯಲ್ಲಿ ಮಾತ್ರ ಮಾಸಿದ ಅಕ್ಷರವೂ ಫೋಟೊದಲ್ಲಿ ಮೂಡುತ್ತದೆ. ಹಾಳೆಯ ಮುಂಬದಿಯ ಫೋಟೊ ಹೊಡೆಯುತ್ತಾರೆ, ತಿರುವಿ ಹಿಂಬದಿಯದ್ದನ್ನೂ ಹೊಡೆಯುತ್ತಾರೆ. ಹಿಂಬದಿಯಲ್ಲಿ ಏನೂ ಇಲ್ಲ. ಇಲ್ಲದಿದ್ದರೂ ಬಿಡುವುದಿಲ್ಲ, ಪುಣ್ಯಾತ್ಗಿತ್ತಿ!

ಬಾಗಿಲ ಬಳಿಯ ಬೆಂಚಿನಲ್ಲಿ ಎಪ್ಪತ್ತು ದಾಟಿದ ಚಿಕ್ಕನರಸಯ್ಯ ಕೂತಿದ್ದಾರೆ. ಪಟಾಲಮ್ಮನ ಗಂಡನ ಸೋದರಮಾವ. ಪೇಪರ್ ಓದಲು ಬಂದವರಲ್ಲ, ಪಟಾಲಮ್ಮನನ್ನು ಕಾಯಲು ಬಂದವರು. ಒಂದು ವರ್ಷದಿಂದ ದಿನಾ ಇದೇ ಕೆಲಸ. "ಇವ್ಳು ಯಾವ್ ಕಾಗ್ದ ಎಲ್ಲಿಗ್ ಕಳುಸ್ತಾಳೋ ಯಾರಿಗ್ಗೊತ್ತು? ಅದುಕ್ಕೇ ನೋಡ್ಕೊಂಡ್ ಕುಂತಿರ್ತೀನಿ" ಎಂದು ಅವರೆದುರೇ ಹೇಳುತ್ತಾರೆ. ಪಟಾಲಮ್ಮ ಏನು ಕಡಿಮೆಯೇ? ಈ ಲೇಖನ ಬರೆಯಲು ಬಂದವರ ಗುರುತಿನ ಚೀಟಿಯ ಎರಡೂ ಬದಿಯ ಫೋಟೊ ತೆಗೆದುಕೊಂಡ ಮೇಲೆಯೇ ಅವರು ಕುರ್ಚಿ ತೋರಿಸಿದ್ದು. ಊರಿನ ಹೆಸರು ಹಾಕಬಾರದು ಎಂಬ ಕರಾರು ಬೇರೆ.

ಐವತ್ತೊಂದರ ಪಟಾಲಮ್ಮ ಇಲ್ಲಿಯ ಮೇಲ್ವಿಚಾರಕಿಯಾಗಿ ಹದಿನೇಳು ವರ್ಷ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿ ಗ್ರಂಥಾಲಯದವರು ಸೇರಿ ಪಂಚಾಯ್ತಿಗಳ ಹಳೆಯ ಕಾಗದಗಳನ್ನು ಮೊಬೈಲಿಗೆ ಇಳಿಸುತ್ತಿದ್ದಾರೆ. ಕೆರೆ, ಗೋಮಾಳ, ದಾರಿ, ಸಭೆಯ ತೀರ್ಮಾನ ಎಲ್ಲವನ್ನೂ ಯಾರು ಬೇಕಾದರೂ ನೋಡಬಹುದು. ದಿನಕ್ಕೆ ನಲವತ್ತು ಹಾಳೆಯಂತೆ ಪಟಾಲಮ್ಮ ಒಬ್ಬರೇ ಒಂಬತ್ತು ಸಾವಿರ ಹಾಳೆ ಮುಗಿಸಿದ್ದಾರೆ. ಒಂದು ಪುಸ್ತಕ ಮುಗಿದಾಗ 'ಪೂರ್ತಿ ಆಗಿದೆ' ಎಂಬ ಫಾರಂಗೆ ಅವರು ಸಹಿ ಹಾಕಬೇಕು. ಸಹಿ ಬಿದ್ದ ಪುಸ್ತಕವನ್ನು ಗಾಡಿಯವರು ಒಯ್ಯುತ್ತಾರೆ, ಅದು ರದ್ದಿಯಾಗುತ್ತದೆ. ಆಮೇಲೆ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಆ ಸಹಿಯೇ ಅವರನ್ನು ಒಮ್ಮೆ ಸುಟ್ಟಿದೆ. ಎರಡು ವರ್ಷದ ಹಿಂದೆ, ಕೈಗೆತ್ತಿಕೊಂಡ ಮೊದಲ ಪುಸ್ತಕ ಊರಿನ ದಾರಿಗಳದ್ದು. ಮುಂಬದಿಯಲ್ಲಿ ಶಾಯಿಯ ಬರಹ ಇತ್ತು, ಅದನ್ನಷ್ಟೇ ತೆಗೆದರು. ಹಿಂಬದಿಯಲ್ಲಿ ಅಲ್ಲಲ್ಲಿ ಪೆನ್ಸಿಲ್ ಗೀಚು ಕಂಡಿತ್ತು, ಮಕ್ಕಳ ಕೆಲಸ ಎಂದು ಬಿಟ್ಟು ಸಹಿ ಹಾಕಿದರು. ಆಮೇಲೆ ಸೇರಿಸಿದ ದಾರಿಗಳನ್ನು ಹಿಂದಿನ ಗುಮಾಸ್ತರು ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲೇ ಬರೆಯುತ್ತಿದ್ದರೆಂಬುದು ಹಳಬರಿಗೆ ಗೊತ್ತಿತ್ತು. ಅವರು ಹೇಳಲಿಲ್ಲ, ಪಟಾಲಮ್ಮ ಕೇಳಲಿಲ್ಲ. ಆರು ತಿಂಗಳಿಗೆ, ಪಟಾಲಮ್ಮನ ಕೇರಿಯಿಂದ ಸ್ಮಶಾನಕ್ಕೆ ಹೋಗುವ ದಾರಿ ಹಾದಿದ್ದ ಹೊಲ ಕೊಂಡವರು ತಂತಿ ಬೇಲಿ ಎಳೆದರು. ದಾರಿ ಇತ್ತು ಅನ್ನುವುದಕ್ಕೆ ದಾಖಲೆ ತೋರಿಸಿ ಎಂದರು. ಅದು ಇದ್ದದ್ದು ಆ ಪೆನ್ಸಿಲ್ ಬರಹದಲ್ಲಿ, ಪುಸ್ತಕ ಆಗಲೇ ರದ್ದಿಗೆ ಹೋಗಿತ್ತು.

ಮಾರನೇ ತಿಂಗಳೇ ಪಟಾಲಮ್ಮನ ಅತ್ತೆ ತೀರಿಕೊಂಡರು. ಹೆಣವನ್ನು ಕೆರೆ ಏರಿಯ ಮೇಲೆ ಎರಡು ಮೈಲಿ ಸುತ್ತು ಹಾಕಿಸಿ ಒಯ್ದರು. ಚಿಕ್ಕನರಸಯ್ಯನ ಒಡಹುಟ್ಟಿದ ಅಕ್ಕ ಅವರು. "ಯಾರ್ ಕೈಗ್ ಕೊಟ್ಟೆ ಆ ಪುಸ್ತಕವ? ನಮ್ಮಕ್ಕನ್ನ ಊರೆಲ್ಲಾ ಸುತ್ತುಸ್ದಲ್ಲ!" ಎಂದು ಅವರು ಮಣ್ಣು ಹಾಕುವ ಜಾಗದಲ್ಲೇ ಕೂಗಾಡಿದರು. ಬೇಲಿಯವರ ಜೊತೆ ಇವಳು ಶಾಮೀಲು ಎಂದು ಕೇರಿಯೂ ಗುಸುಗುಸು ಶುರುಮಾಡಿತು. "ಕಳ್ಳಿ ಅಂದ್ರೂ ಸಯಿಸ್ಕೊಂಡೆ ಕಣಪ್ಪ. ಕಣ್ಣಿಗ್ ಬಿದ್ರೂ ಬುಟ್ಬುಟ್ಟೆ ಅಂತ ಹೇಳಕ್ಕೇ ಹೊಟ್ಟೆ ಉರಿಯೋದು" ಎನ್ನುತ್ತಾ ಪಟಾಲಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಅಂದಿನಿಂದ ನಾಲ್ಕು ತಾಲ್ಲೂಕಿನವರೂ ಒಂದು ಕಟ್ಟು ಮಾಡಿಕೊಂಡಿದ್ದಾರೆ. ಒಂದು ಊರಿನ ಫೋಟೊಗಳನ್ನು ಆ ಊರಿನವರು ಪರೀಕ್ಷೆ ಮಾಡುವಂತಿಲ್ಲ. ತಮ್ಮೂರಿನ ಹೆಸರು ಕಂಡರೆ ಯಾರೂ ಕಾಗದ ಓದುವುದಿಲ್ಲ, ನೆನಪಿನಿಂದ ತುಂಬಿಸಿಕೊಂಡು ಹೋಗುತ್ತಾರೆ ಎಂಬುದು ಪಟಾಲಮ್ಮನ ಗುಮಾನಿ. ಹಾಗಾಗಿ ಇಲ್ಲಿಯ ಹಾಳೆಗಳು ಪಾವಗಡದ ತಿರುಮಣಿ ಕಡೆಯ ಗ್ರಂಥಾಲಯದ ಓಬಳರಾಜು ಅವರಿಗೆ ಹೋಗುತ್ತವೆ, ಅವರವು ಇಲ್ಲಿಗೆ ಬರುತ್ತವೆ.

ಈ ಸೋಮವಾರ ಏಳು ಗಂಟೆಗೆ ಅದೇ ಓಬಳರಾಜು ಫೋನು ಮಾಡುತ್ತಾರೆ. "ಅಕ್ಕಾ, ನೂರಾ ಹದಿನಾಲ್ಕನೇ ಹಾಳೆ ಎಕ್ಕಡ, ಎಲ್ಲೈತೆ? ಹದಿಮೂರಾದ್ಮೇಲೆ ಹದಿನೈದು ಬಂದೈತೆ."

ಪಟಾಲಮ್ಮ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಪುಸ್ತಕ ಒಯ್ಯುವ ಗಾಡಿ ಹತ್ತಕ್ಕೆ ಬರುವುದಿದೆ. ಬೆಂಚಿನಿಂದ ಚಿಕ್ಕನರಸಯ್ಯ ಎದ್ದೇ ಬಿಡುತ್ತಾರೆ: "ನೋಡ್ದಾ? ಮತ್ತೆ ನುಂಗುದ್ಲು!" ಪಟಾಲಮ್ಮ ಹಾಳೆಗಳನ್ನು ಬೆರಳಿನಿಂದ ಸವರುತ್ತಾ ಹೋಗುತ್ತಾರೆ. ಒಂದು ಮಾತ್ರ ಉಳಿದವಕ್ಕಿಂತ ದಪ್ಪ. ಹಳೆಯ ಗೋಂದು ಕರಗಿ ಎರಡು ಹಾಳೆ ಒಂದಕ್ಕೊಂದು ಅಂಟಿಕೊಂಡಿವೆ.

ಪಕ್ಕದ ಅಂಗನವಾಡಿಯ ಬಾಗಿಲು ತೆಗೆದ ಮೇಲೆ ಅಲ್ಲಿಂದ ಕುದಿಯುವ ನೀರಿನ ಪಾತ್ರೆ ಬರುತ್ತದೆ. ಹಬೆಗೆ ಹಾಳೆ ಹಿಡಿದು, ಪೊರಕೆಕಡ್ಡಿಯಿಂದ ಕೂದಲೆಳೆಯಷ್ಟಷ್ಟೇ ಬಿಡಿಸುತ್ತಾರೆ. ಅಷ್ಟರಲ್ಲಿ ಗಾಡಿಯೂ ಬಂದು ನಿಂತಿದೆ. ಗಾಡಿಯ ಅನಿಲ್ ಕುಮಾರ್‌ಗೆ ಅವಸರ. "ಒಂದ್ ಹಾಳೆಗೆ ಗಾಡಿ ನಿಲ್ಸ್ತೀರಾ ಮೇಡಂ? ಸೈನ್ ಹಾಕಿ ಕಳ್ಸಿ."

"ನಿಂತ್ಕಳಪ್ಪ. ನಿನ್ನ ಗಾಡಿ ನಾಳೆನೂ ಬತ್ತದೆ. ಇದು ಬರಲ್ಲ."

ಇಪ್ಪತ್ತು ನಿಮಿಷಕ್ಕೆ ಹಾಳೆ ಬಿಡುತ್ತದೆ. ಅಂಟಿಕೊಂಡಿದ್ದ ಎರಡು ಬದಿಗಳಲ್ಲಿ ಒಂದರ ಮೇಲೆ ನೂರಾ ಹದಿನಾಲ್ಕು ಎಂಬ ಅಂಕಿ, ಅಷ್ಟೇ. ಮಿಕ್ಕಂತೆ ಎರಡೂ ಖಾಲಿ. ಅನಿಲ್ ಕುಮಾರ್ ನಕ್ಕುಬಿಡುತ್ತಾರೆ. ಪಟಾಲಮ್ಮ ನಗುವುದಿಲ್ಲ. ಹಾಳೆಯನ್ನು ಕಿಟಕಿಗೆ ಹಿಡಿದು, ಓರೆ ಮಾಡಿ, ತಲೆಕೆಳಗು ಮಾಡಿ ನೋಡುತ್ತಾರೆ. ಆಮೇಲೆ ನೇರ ಹೋಗಿ ಅದನ್ನು ಚಿಕ್ಕನರಸಯ್ಯನ ಕೈಗೆ ಕೊಡುತ್ತಾರೆ. "ನೀನೂ ನೋಡು ಮಾವ. ಪೆನ್ಸಿಲ್ ಇದ್ರೆ ಹೇಳು."

ಮುದುಕ ಕನ್ನಡಕವನ್ನು ಪಂಚೆಯಿಂದ ಒರೆಸಿ ಏರಿಸುತ್ತಾರೆ. ಬಾಗಿಲಾಚೆ ಬಿಸಿಲಿಗೆ ಹೋಗುತ್ತಾರೆ. ಬೆರಳಾಡಿಸುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ.

"ಏನಿಲ್ಲ," ಎಂದು ಕೊನೆಗೆ ಹಾಳೆ ಮರಳಿಸುತ್ತಾರೆ. "ಹಾಕು ಸೈನು."

ಎರಡೂ ಖಾಲಿ ಬದಿಗಳ ಫೋಟೊ ತಿರುಮಣಿ ಕಡೆಗೆ ಹೋಗುತ್ತದೆ, ಓಬಳರಾಜು 'ಸರಿ' ಎನ್ನುತ್ತಾರೆ, ಆಮೇಲೆ ಸಹಿ ಬೀಳುತ್ತದೆ. ನಾಳೆಯೂ ಬರುತ್ತೀರಾ ಎಂದರೆ ಚಿಕ್ಕನರಸಯ್ಯ ಸಿಡುಕುತ್ತಾರೆ: "ಬರ್ದೆ ಇರ್ತೀನಾ? ಇನ್ನೂ ಆರು ಪುಸ್ತಕ ಅವೆ."

ಒಳ್ಳೆಯ ಸ್ಕ್ಯಾನರ್ ಕೇಳುತ್ತಾರೇನೋ ಎಂದು ಪಟಾಲಮ್ಮನನ್ನು ವಿಚಾರಿಸಿದರೆ ಅವರು ಬೇಡವೆಂದು ತಲೆಯಾಡಿಸುತ್ತಾರೆ. "ಮಾವ ದಿನಾ ಬರ್ಲಿ, ಅಷ್ಟೇಯ. ಅನ್ಮಾನ ಪಡೋದ ಬುಡದು ಬ್ಯಾಡ. ಅವತ್ತು ನನ್ ಮ್ಯಾಲೆ ನಾನೇ ಒಂದೀಟು ಅನ್ಮಾನ ಪಟ್ಟಿದ್ರೆ, ನಮ್ಮತ್ತೆ ನೆಟ್ಟುಗಿನ ದಾರೀಲಿ ಹೋಗೋರು."