ಸೆರಗಿನ ಗಂಟಿನಲ್ಲಿದ್ದ ಫ್ಯೂಸ್

ಹೋದ ವರ್ಷ ಯುಗಾದಿಗೆ ಮುಂಚೆ ನಡೆದದ್ದು ಇದು. ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವ ಮೊದಲು ಅಡುಗೆಮನೆಯ ವೈರಿಂಗ್ ಬದಲಾಯಿಸಲೇಬೇಕು ಎಂದು ನಾನು ಹಟ ಹಿಡಿದಿದ್ದೆ. ತಿ. ನರಸೀಪುರದಲ್ಲಿರುವ ನಮ್ಮ ಮನೆ ಮಾವನವರ ಕಾಲದ್ದು. ಮಿಕ್ಸಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಹೆದರಿಕೊಂಡು ನಾನು ಮರದ ಮಣೆಯ ಮೇಲೆ ನಿಂತು ಚಟ್ನಿ ರುಬ್ಬುತ್ತಿದ್ದೆ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ಮಾತ್ರ, “ಮಣೆ ಇದೆಯಲ್ಲ, ಇನ್ನೇನು” ಎಂದು ಬೆಳಗಿನ ಬಸ್ಸು ಹಿಡಿದು ಹೋಗಿಬಿಡುತ್ತಿದ್ದರು.

ಎಲೆಕ್ಟ್ರಿಷಿಯನ್ ಹುಡುಕಿ ಕರೆಸುವುದು ಎಷ್ಟು ಕಷ್ಟ ಅಂತ ಮನೆ ರಿಪೇರಿ ಮಾಡಿಸಿದವರಿಗೆಲ್ಲ ಗೊತ್ತು. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುವವಳು, “ನಾಳೆ ಬನ್ನಿ, ಕೊಟ್ಟುಬಿಡ್ತೀನಿ” ಅನ್ನುವ ಮಾತು ನನ್ನ ಬಾಯಿಗೂ ಸಲೀಸಾಗಿ ಬರುತ್ತದೆ. ಆದರೆ ಮೂಗೂರಿನ ಸಿದ್ದರಾಜು ಈ ವಿದ್ಯೆಯಲ್ಲಿ ನನಗಿಂತ ಎಷ್ಟೋ ಮುಂದೆ. ಫೋನ್ ಮಾಡಿದಾಗಲೆಲ್ಲ, “ಬತ್ತಾವ್ನಿ ಕಣಕ್ಕ, ಬೈಕ್ ಮ್ಯಾಲೇ ಇವ್ನಿ” ಅನ್ನುತ್ತಿದ್ದ. ಹಿಂದೆ ಗೋಡೆ ಕೊರೆಯುವ ಮೆಷಿನ್ ಸದ್ದು ಕೇಳುತ್ತಿತ್ತು. ಆದರೂ ನಮ್ಮ ಬೀದಿಯವರೆಲ್ಲ ಅವನನ್ನೇ ಕರೆಯುತ್ತಿದ್ದರು. ಕೆಲಸ ಅಚ್ಚುಕಟ್ಟು, ಬಾಯಿ ಸಿಹಿ.

ಕೊನೆಗೂ ಒಂದು ಬುಧವಾರ ಬಂದ. ಬಿಸಿಲಿಗೆ ಬೈಕ್ ಸೀಟು ಕಾಯುತ್ತದೆಂದು ಬೀದಿ ತಿರುವಿನ ಹೊಂಗೆ ಮರದಡಿ ಗಾಡಿ ನಿಲ್ಲಿಸಿ ನಡೆದುಕೊಂಡು ಬಂದ. ಜಗಲಿಯ ಮೀಟರ್ ಬೋರ್ಡಿನಲ್ಲಿ ಮೇನ್ ಸ್ವಿಚ್ ಇಳಿಸಿ, ಪಿಂಗಾಣಿಯ ಫ್ಯೂಸನ್ನೂ ಕಿತ್ತು ನನ್ನ ಕೈಗೆ ಕೊಟ್ಟ.

“ಇದ ನಿಮ್ತಾವ್ಲೇ ಮಡಿಕಳಿ ಅಕ್ಕ. ನಾನ್ ಕೇಳೋಗಂಟ ಯಾರ್ ಕೇಳುದ್ರೂ ಕೊಡ್ಬ್ಯಾಡಿ.”

“ಅಲ್ಲೇ ಬೋರ್ಡ್ ಮೇಲೆ ಇಟ್ಟರೆ ಯಾರು ಕದಿಯುತ್ತಾರಪ್ಪ?” ಎಂದೆ.

“ಕದಿಯೋರಲ್ಲ ಕಣಕ್ಕ, ಸಿಕ್ಸೋರು. ಟೀವಿ ನೋಡೋ ಆಸೆಗೆ ಯಾರಾರ ಸಿಕ್ಕುಸ್ಬುಟ್ರೆ ನನ್ ಕತೆ ಮುಗೀತು. ನಂಗೆ ಕೆಲ್ಸ ಕಲ್ಸುದೋರು ಇಂಗೇ ಮಾಡ್ತಿದ್ರು. ಮನೆ ಯಜಮಾನ್ತಿ ಕೈಲಿ ಫ್ಯೂಸಿದ್ರೆ ನಂಗೆ ಧೈರ್ಯ.”

ಯಜಮಾನ್ತಿ ಅಂದದ್ದು ನನಗೆ ಖುಷಿಯಾಯಿತು. ಫ್ಯೂಸನ್ನು ಸೆರಗಿನ ತುದಿಗೆ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕೆಲಸದವರನ್ನು ಅವರ ಪಾಡಿಗೆ ಬಿಡುವ ಜಾಯಮಾನ ನನ್ನದಲ್ಲ. ಅಡುಗೆಮನೆ ಬಾಗಿಲಲ್ಲೇ ಕೂತು, ಗಿರಾಕಿಯೊಬ್ಬರ ಸೀರೆಗೆ ಫಾಲ್ ಹಚ್ಚುತ್ತಾ, “ಆ ಸ್ವಿಚ್ ಬೋರ್ಡ್ ಸೊಟ್ಟಗಿದೆ ನೋಡು” ಎಂದು ಅವನ ತಲೆ ತಿನ್ನುತ್ತಿದ್ದೆ.

ಇಲ್ಲಿ ಪಕ್ಕದ ಮನೆಯ ರತ್ನಮ್ಮನವರ ವಿಷಯ ಹೇಳಬೇಕು. ಅರವತ್ತು ದಾಟಿದ ಹೆಂಗಸು, ಯಾರಿಗೆ ಏನು ಬೇಕಾದರೂ ಮೊದಲು ಎದ್ದು ಬರುವವರು. ಎರಡು ಹೊಳೆ ಸೇರುವ ಊರಿನಲ್ಲಿದ್ದರೂ ನಮ್ಮ ಬೀದಿ ಎತ್ತರದಲ್ಲಿರುವುದರಿಂದ ನಲ್ಲಿಯಲ್ಲಿ ನೀರು ಬರುವುದು ಸ್ವಲ್ಪ ಹೊತ್ತು ಮಾತ್ರ, ಬರುವ ಹೊತ್ತೂ ಗೊತ್ತಿಲ್ಲ. ಬಂದ ಕೂಡಲೇ “ನೀರ್ ಬಂತು, ನೀರ್ ಬಂತು” ಎಂದು ಇಡೀ ಬೀದಿಗೆ ಕೂಗಿ ಹೇಳುವುದು ರತ್ನಮ್ಮನವರ ಕೆಲಸ. ಅವರ ಕೂಗಿಗೆ ನಾವೆಲ್ಲ ಓಡಿ ಮೋಟಾರ್ ಹಾಕುತ್ತಿದ್ದೆವು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಇನ್ನೊಂದು ಕೊಡುಕೊಳ್ಳುವಿಕೆ ಇತ್ತು. ನಮ್ಮಿಬ್ಬರ ಮನೆಗೆ ಕರೆಂಟ್ ಬರುವುದು ಬೇರೆ ಬೇರೆ ಫೇಸಿನಿಂದ. ಒಂದು ಫೇಸ್ ಹೋದರೆ ಒಂದು ಮನೆ ಕತ್ತಲೆ, ಇನ್ನೊಂದು ಮನೆ ಬೆಳಕು. ಆಗ ಬೆಳಕಿದ್ದವರು ಕತ್ತಲೆಯವರಿಗೆ ಕಾಂಪೌಂಡ್ ಮೇಲಿಂದ ಒಂದು ನೀಲಿ ವೈರ್ ದಾಟಿಸುತ್ತಿದ್ದೆವು. ಆ ವೈರಿಗೆ ಎರಡು ತುದಿಗೂ ಪ್ಲಗ್. ಒಂದನ್ನು ಆ ಮನೆಯ ಪಾಯಿಂಟಿಗೆ, ಇನ್ನೊಂದನ್ನು ಈ ಮನೆಯ ಪಾಯಿಂಟಿಗೆ ಚುಚ್ಚಿದರೆ ಸಾಕು, ಮನೆಯ ಲೈಟು ಫ್ಯಾನೆಲ್ಲ ಓಡುತ್ತವೆ. ಚುಚ್ಚುವ ಮುಂಚೆ ಮೇನ್ ಇಳಿಸಬೇಕು ಅನ್ನುವುದೊಂದೇ ನಿಯಮ. ರತ್ನಮ್ಮ ಅದನ್ನು ಒಂದು ದಿನವೂ ತಪ್ಪಿದವರಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇಂಥ ವೈರ್ ಇದ್ದೇ ಇರುತ್ತದೆ. ಇದರಲ್ಲಿ ಅಪಾಯವಿದೆ ಎಂದು ನಮಗೆ ಯಾವತ್ತೂ ಅನ್ನಿಸಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬೀದಿಯ ಮೋಟಾರುಗಳೆಲ್ಲ ಒಟ್ಟಿಗೆ ಗುಂಯ್ಗುಟ್ಟಲು ಶುರುವಾದವು. ಆ ಗದ್ದಲದಲ್ಲಿ ಬೇರೇನೂ ಕೇಳಿಸುತ್ತಿರಲಿಲ್ಲ. “ಅಯ್ಯೋ, ಇವತ್ತಿನ ನೀರು ನಮಗಿಲ್ಲ” ಎಂದೆ.

ಸ್ಟೂಲಿನ ಮೇಲೆ ನಿಂತಿದ್ದ ಸಿದ್ದರಾಜು ನಗುತ್ತಾ, “ವಸಿ ತಡ್ಕಳಿ, ಇದೊಂದು ಜಾಯಿಂಟ್ ಆದ್ರೆ ಮುಗುದೇ ಓಯ್ತು” ಎಂದ. ಎಡಗೈಯಲ್ಲಿ ಕಿಟಕಿಯ ಕಂಬಿ ಹಿಡಿದಿದ್ದ. ಬಲಗೈ ಬೆರಳುಗಳಲ್ಲಿ ಸುಲಿದ ವೈರಿನ ತಾಮ್ರ ಹೊಸೆಯುತ್ತಿದ್ದ.

ನಾನು ಸೂಜಿಗೆ ದಾರ ಪೋಣಿಸಲು ತಲೆ ತಗ್ಗಿಸಿದೆ. “ಊಂ” ಎಂದು ಒಂದು ಸದ್ದು ಬಂತು, ಮನುಷ್ಯನ ಸದ್ದಿನಂತಿರಲಿಲ್ಲ. ತಲೆ ಎತ್ತಿದರೆ ಸಿದ್ದರಾಜು ಸೆಟೆದು ನಿಂತಿದ್ದಾನೆ. ಕಣ್ಣು ಅಗಲ ತೆರೆದಿದೆ, ಹಲ್ಲು ಕಚ್ಚಿದೆ, ಬಲಗೈ ವೈರನ್ನು ಬಿಡುತ್ತಿಲ್ಲ. ಮೈಯೆಲ್ಲ ಸಣ್ಣಗೆ ನಡುಗುತ್ತಿದೆ.

ಆ ಕ್ಷಣ ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಫ್ಯೂಸ್ ಅಲ್ಲೇ ಇತ್ತು. ಗಂಟು ಹಾಗೇ ಇತ್ತು. ಹಾಗಾದರೆ ಕರೆಂಟ್ ಎಲ್ಲಿಂದ ಬಂತು? ಕಣ್ಣೆದುರು ಒಬ್ಬ ಸಾಯುತ್ತಿದ್ದಾನೆ, ನಾನು ಫ್ಯೂಸ್ ತಡವಿಕೊಂಡು ನಿಂತಿದ್ದೇನೆ.

ಮುಟ್ಟಬಾರದು ಅನ್ನುವುದೊಂದು ನೆನಪಿತ್ತು. ಸ್ಟೂಲ್ ಮರದ್ದು. ಅದರ ಕಾಲಿಗೆ ಬಲವೆಲ್ಲ ಬಿಟ್ಟು ಒದ್ದೆ. ಸ್ಟೂಲ್ ಮಗುಚಿತು, ಅವನ ಭಾರಕ್ಕೆ ಕೈ ಬಿಡಿಸಿಕೊಂಡಿತು. ಬೀಳುವಾಗ ತಲೆ ಅಡುಗೆಕಟ್ಟೆಯ ಅಂಚಿಗೆ ಬಡಿದು ರಕ್ತ ಚಿಮ್ಮಿತು. ತುಟಿ ನೀಲಿಯಾಗಿತ್ತು. ಉಸಿರಾಡುತ್ತಿದ್ದಾನೋ ಇಲ್ಲವೋ ಗೊತ್ತಾಗಲಿಲ್ಲ. ಆಗ ನೋಡಿದೆ, ಹಾಲಿನಲ್ಲಿ ನಮ್ಮ ಫ್ಯಾನ್ ತಿರುಗುತ್ತಿತ್ತು.

ಹಿತ್ತಿಲಿಗೆ ಓಡಿದೆ. ನಮ್ಮ ಮೋಟಾರ್ ಓಡುತ್ತಿತ್ತು. ಕಾಂಪೌಂಡ್ ಮೇಲಿಂದ ನೀಲಿ ವೈರ್ ಇಳಿದು ನಮ್ಮ ಹಿತ್ತಿಲ ಗೋಡೆಯ ಪಾಯಿಂಟಿಗೆ ಸೇರಿತ್ತು. ಫ್ಯೂಸ್ ತಡೆಯುವುದು ಕಂಬದಿಂದ ಬರುವ ಕರೆಂಟನ್ನು ಮಾತ್ರ, ಇದು ಪಕ್ಕದ ಮನೆಯಿಂದ ಬಂದಿತ್ತು. ಪಕ್ಕದಲ್ಲಿ ರತ್ನಮ್ಮ ನಗುಮುಖದಲ್ಲಿ ನಿಂತಿದ್ದರು.

“ಎಷ್ಟ್ ಕೂಗುದ್ರೂ ಓಗೊಡ್ನಿಲ್ವಲ್ಲವ್ವ ನೀನು. ನಿಂದೂ ನಾನೇ ಆಕ್ದೆ. ಮೇನ್ ಇಳ್ಸಿರೋದ ನೋಡ್ಕಂಡೇ ಆಕಿವ್ನಿ, ಎದ್ರುಕೋಬ್ಯಾಡ” ಎಂದರು.

ಬಾಗಿಲಲ್ಲಿ ಸಿದ್ದರಾಜುವಿನ ಬೈಕ್ ಕಾಣದೆ ಅವನು ಊಟಕ್ಕೆ ಹೋಗಿದ್ದಾನೆ ಎಂದುಕೊಂಡಿದ್ದರು. ನಮ್ಮ ಟ್ಯಾಂಕ್ ಖಾಲಿ ಉಳಿಯಬಾರದು ಅನ್ನುವುದಷ್ಟೇ ಅವರ ಮನಸ್ಸಿನಲ್ಲಿದ್ದದ್ದು. ಮೇನ್ ಇಳಿದಿದ್ದರಿಂದಲೇ ಧೈರ್ಯವಾಗಿ ಚುಚ್ಚಿದ್ದರು. “ತೆಗೀರಿ, ಅವನು ಒಳಗಿದ್ದಾನೆ” ಎಂದು ಕೂಗಿದೆ. ಅವರ ಮುಖದ ನಗು ಹೋದ ಬಗೆಯನ್ನು ನಾನು ಸಾಯುವವರೆಗೂ ಮರೆಯಲಾರೆ.

ರತ್ನಮ್ಮ ವೈರ್ ಕಿತ್ತರು. ನಮ್ಮಿಬ್ಬರ ಕಿರುಚಾಟಕ್ಕೆ ಬೀದಿಯ ಆಟೋದವರು ಓಡಿ ಬಂದು ಅವನ ಎದೆ ಒತ್ತಿದರು. ಒತ್ತುತ್ತಲೇ ಇದ್ದರು. ನಾನು ನಂಬಿಕೆ ಕಳೆದುಕೊಳ್ಳುವ ಹೊತ್ತಿಗೆ ಸಿದ್ದರಾಜು ಕೊರ್ ಎಂದು ಉಸಿರೆಳೆದುಕೊಂಡ. ಅದೇ ಆಟೋದಲ್ಲಿ ಆಸ್ಪತ್ರೆಗೆ ಹೊರಟೆವು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಗಿರಾಕಿಯ ಸೀರೆಯನ್ನೇ ಗಾಯಕ್ಕೆ ಒತ್ತಿ ಹಿಡಿದಿದ್ದೆ ಅನ್ನುವುದು ನನಗೆ ತಿಳಿದದ್ದು ಆಮೇಲೆ.

ತಲೆಗೆ ಹೊಲಿಗೆ ಬಿತ್ತು. ಅಂಗೈ ಸುಟ್ಟಿತ್ತು. ಹೃದಯದ ಬಡಿತ ಇನ್ನೂ ಹದಕ್ಕೆ ಬಂದಿಲ್ಲ, ನೋಡಬೇಕು ಎಂದರು ಡಾಕ್ಟರು. ಮೂಗೂರಿನಿಂದ ಅವನ ಹೆಂಡತಿ ಮಂಜುಳ ಬಂದಳು. ಗದ್ದೆಯಿಂದ ಹಾಗೇ ಎದ್ದು ಬಂದಿದ್ದಳು, ಕಾಲಿನ ಕೆಸರು ಇನ್ನೂ ಒಣಗಿರಲಿಲ್ಲ. ಗಂಡನನ್ನು ಒಂದು ಸಲ ನೋಡಿ ಬಂದು ನನ್ನೆದುರು ನಿಂತಳು.

“ಫ್ಯೂಸ್ ಕಿತ್ತು ಮನೆಯವ್ರ ಕೈಗೇ ಕೊಡ್ತೀನಿ ಅಂತಿದ್ನಲ್ಲ ನನ್ ಗಂಡ. ನಿಮ್ ಕೈಗೆ ಕೊಟ್ಟಿದ್ದ ತಾನೆ?”

“ಕೊಟ್ಟಿದ್ದನಮ್ಮ. ನನ್ನ ಹತ್ತಿರವೇ ಇದೆ ನೋಡು” ಎಂದು ಸೆರಗಿನ ಗಂಟು ಮುಂದೆ ಹಿಡಿದೆ. ಅವಳೇ ಬಿಚ್ಚಿ ನೋಡಿದಳು.

“ಇದು ನಿಮ್ತಾವಿದ್ರೆ ಕರೆಂಟು ಆಕಾಸದಿಂದ ಇಳೀತಾ? ನೀವೇ ಆಕಿ, ತೆಗ್ದು, ಗಂಟು ಕಟ್ಕಂಡು ಬಂದಿವ್ರಿ.”

ಸುತ್ತ ಇದ್ದವರೆಲ್ಲ ನನ್ನನ್ನೇ ನೋಡಿದರು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು. ರತ್ನಮ್ಮನವರ ಹೆಸರು ನಾಲಿಗೆಯ ತುದಿಗೆ ಬಂತು. ಆದರೆ ಆ ಮುಖ ಕಣ್ಣ ಮುಂದೆ ಬಂದು ಹೇಳಲಾಗಲಿಲ್ಲ.

“ಆಕ್ದೋಳು ನಾನು ಕಣವ್ವ. ಅವಳ್ನ ಯಾನೂ ಅನ್ಬ್ಯಾಡ.”

ತಿರುಗಿ ನೋಡಿದರೆ ರತ್ನಮ್ಮ. ಇನ್ನೊಂದು ಆಟೋ ಹಿಡಿದು ನಮ್ಮ ಹಿಂದೆಯೇ ಬಂದಿದ್ದರಂತೆ. ಕೈಯಲ್ಲಿ ಆ ನೀಲಿ ವೈರ್ ಸುತ್ತಿಕೊಂಡಿದ್ದರು. ತಾನು ಏನು ಮಾಡಿದೆ ಎಂದು ಎಲ್ಲರೆದುರು ಹೇಳಿದರು. ಮಂಜುಳ ಅವರ ತೋಳು ಹಿಡಿದು ಜಗ್ಗಿದಳು, ಹೊಡೆದೇಬಿಡುತ್ತಾಳೆ ಎಂದುಕೊಂಡೆ. ರತ್ನಮ್ಮ ಕದಲಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಸಿದ್ದರಾಜುವಿನ ದನಿ ಕೇಳಿತು. ಎಚ್ಚರವಾಗಿದ್ದ, ಎಲ್ಲ ಕೇಳಿಸಿಕೊಂಡಿದ್ದ. “ಮಂಜು, ಆ ವೈರ್ ಇಲ್ ತತ್ತಾ” ಎಂದ.

ಅವಳು ತಂದು ಮಂಚದ ಮೇಲೆ ಇಟ್ಟಳು. ಅವನು ಸುಡದ ಕೈಯಲ್ಲಿ ಪ್ಲಗ್ ತಿರುಗಿಸಿ ನೋಡಿದ. ಪ್ಲಗ್ಗಿನ ಬುಡಕ್ಕೆ ಕೆಂಪು ಟೇಪ್ ಸುತ್ತಿ, ಕೊನೆಯನ್ನು ಓರೆಯಾಗಿ ಕತ್ತರಿಸಲಾಗಿತ್ತು. ನಮ್ಮ ಅಡುಗೆಮನೆಯಲ್ಲೂ ಅವನು ಟೇಪನ್ನು ಹಾಗೇ ಕತ್ತರಿಸುತ್ತಿದ್ದ. ಅವನ ಮುಖದಲ್ಲಿ ಇದ್ದಬದ್ದ ರಕ್ತವೂ ಇಳಿದುಹೋಯಿತು.

“ಯಾರ್ನೂ ಬಯ್ಬ್ಯಾಡ ಕಣೆ” ಎಂದ. “ಇದ ನಾನೇ ಮಾಡ್ಕೊಟ್ಟಿದ್ದು.”

ರತ್ನಮ್ಮನವರ ಯಜಮಾನರು ಹಿಂದೆ ಎಂದೋ ಪೇಟೆಯಲ್ಲಿ ಅವನಿಂದಲೇ ಮಾಡಿಸಿ ತಂದಿದ್ದರಂತೆ. ಕೇಳಿದವರಿಗೆಲ್ಲ ಮಾಡಿಕೊಟ್ಟಿದ್ದೇನೆ, ಮೂಗೂರಲ್ಲೂ ಎಷ್ಟು ಮನೆಯಲ್ಲಿದೆಯೋ ಲೆಕ್ಕವಿಲ್ಲ ಎಂದು ಅವನು ಹೇಳುತ್ತಿದ್ದ. ಮಂಜುಳ ಸದ್ದಿಲ್ಲದೆ ಅಳಲು ಶುರುಮಾಡಿದಳು.

ದೇವರು ದೊಡ್ಡವನು, ಸಿದ್ದರಾಜು ಉಳಿದ. ಆ ಯುಗಾದಿಗೆ ನಮ್ಮ ಅಡುಗೆಮನೆಯಲ್ಲಿ ಲೈಟಿರಲಿಲ್ಲ. ಬೇರೆಯವರನ್ನು ಕರೆಸುವ ಮನಸ್ಸೂ ಆಗಲಿಲ್ಲ, ಮೊಂಬತ್ತಿ ಹಚ್ಚಿಕೊಂಡೇ ಒಬ್ಬಟ್ಟು ಮಾಡಿದೆ. ರತ್ನಮ್ಮ ಹಬ್ಬಕ್ಕೂ ಬರಲಿಲ್ಲ. ಹಿತ್ತಿಲಲ್ಲಿ ಎದುರಾದರೆ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದರು. ಎಲ್ಲಕ್ಕಿಂತ ನೋವಾದದ್ದೆಂದರೆ, ನೀರು ಬಂದರೂ ಅವರು ಕೂಗುತ್ತಿರಲಿಲ್ಲ.

ಹಬ್ಬ ಕಳೆದ ಮೇಲೆ ಒಂದು ದಿನ ನಾನು ಫೋನ್ ಮಾಡದೆಯೇ ಸಿದ್ದರಾಜು ತಾನಾಗಿ ಬಂದ. ಅಂಥದ್ದು ಅದೇ ಮೊದಲು. ಚೀಲದಿಂದ ಆ ನೀಲಿ ವೈರ್ ತೆಗೆದು, ನಮ್ಮ ಮೆಟ್ಟಿಲ ಮೇಲೆ ಕೂತು ತುಂಡು ತುಂಡು ಮಾಡಿದ. ತಾನು ಮಾಡಿಕೊಟ್ಟ ಮನೆಗಳಿಗೆಲ್ಲ ಹೋಗಿ ಕೇಳಿ ತಂದು ಕತ್ತರಿಸುತ್ತಿದ್ದೇನೆ, ಕೆಲವರು ಕೊಡದೆ ಜಗಳಕ್ಕೇ ಬರುತ್ತಾರೆ ಎಂದ. ಆಮೇಲೆ ಮೇನ್ ಇಳಿಸಿ ಫ್ಯೂಸ್ ಕಿತ್ತ. ನಾನು ಕೈ ಚಾಚಿದೆ. ಅವನು ಕೊಡದೆ ಕಾಂಪೌಂಡ್ ಕಡೆ ತಿರುಗಿ, “ರತ್ನಮ್ಮಾ, ವಸಿ ಬನ್ನಿ ಇಲ್ಲಿ” ಎಂದು ಕೂಗಿದ.

ಅವರು ಬಂದರು. ಅವನ ಕೈಯಲ್ಲಿದ್ದದ್ದನ್ನು ನೋಡಿ ಹಿಂದೆ ಸರಿದರು. “ಬ್ಯಾಡ ಕಣಪ್ಪ, ನನ್ ಕೈಗ್ ಕೊಡ್ಬ್ಯಾಡ.”

“ನಿಮ್ತಾವ್ಲೇ ಇರ್ಲಿ ಕಣಮ್ಮ. ನಂಗೆ ಧೈರ್ಯ” ಎಂದು ಅವರ ಅಂಗೈಗೆ ಇಟ್ಟು, ಒಳಗೆ ಹೋಗಿ ಸ್ಟೂಲ್ ಹತ್ತಿದ.

ರತ್ನಮ್ಮ ಫ್ಯೂಸನ್ನು ಸೆರಗಿಗೆ ಗಂಟು ಹಾಕಿ, ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತರು. ಕೂರಿ ಎಂದರೂ ಕೂರಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿಯ ಮೋಟಾರುಗಳು ಒಂದೊಂದೇ ಶುರುವಾದವು.

“ನೀರು ಬಂತು ರತ್ನಮ್ಮ. ಹೋಗಿ ಮೋಟಾರ್ ಹಾಕಿ ಬನ್ನಿ, ನಾನು ಹಿಡಿದುಕೊಂಡಿರುತ್ತೇನೆ” ಎಂದೆ.

“ಬರ್ಲಿ ಬುಡವ್ವ” ಎಂದರು. ಕಣ್ಣು ಸಿದ್ದರಾಜುವಿನ ಕೈಯ ಮೇಲೇ ಇತ್ತು.

ನೀರು ಬಂದು ನಿಂತೂಹೋಯಿತು. ಕೆಲಸ ಮುಗಿಸಿ ಕೆಳಗಿಳಿದು ಅವನು ಕೈ ಚಾಚಿದ, ಅಂಗೈಯಲ್ಲಿ ಸುಟ್ಟ ಗಾಯದ ಕಲೆ ಇನ್ನೂ ಕೆಂಪಗಿತ್ತು. ರತ್ನಮ್ಮ ಗಂಟು ಬಿಚ್ಚಿ ಫ್ಯೂಸನ್ನು ಅದರ ಮೇಲಿಟ್ಟು, ಅವನ ಬೆರಳುಗಳನ್ನು ತಾವೇ ಮಡಚಿದರು. ಆ ದಿನದಿಂದ ಅವರು ಮತ್ತೆ ನೀರು ಬಂತೆಂದು ಕೂಗುತ್ತಾರೆ. ನಮ್ಮ ಮಿಕ್ಸಿಯೂ ಈಗ ಜುಮ್ಮೆನ್ನುವುದಿಲ್ಲ. ಆದರೆ ಪಕ್ಕದ ಮನೆಯವರು ಒಳ್ಳೆಯ ಮನಸ್ಸಿನಿಂದ ಮಾಡಿದ್ದೊಂದು, ಸೆರಗಿನಲ್ಲಿ ಫ್ಯೂಸ್ ಕಟ್ಟಿಕೊಂಡಿದ್ದ ನನ್ನ ಕಣ್ಣೆದುರೇ ಒಬ್ಬನ ಜೀವ ತೆಗೆಯುವುದರಲ್ಲಿತ್ತು ಅನ್ನುವ ಗಾಬರಿ ನನ್ನನ್ನು ಬಿಟ್ಟಿಲ್ಲ. ಹಾಲಿನಲ್ಲಿ ಫ್ಯಾನ್ ತಿರುಗುವುದು ಕಂಡರೆ ಈಗಲೂ ನನ್ನ ಕೈ ಸೊಂಟಕ್ಕೆ ಹೋಗುತ್ತದೆ.